ಸುತ್ತು ದಾರಿಯೂ ದಾರಿಯೇ

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ ಒಂದು ಪದ ತಪ್ಪದೆ ಬರುತ್ತದೆ: ‘ದಿಢೀರ್’. ಆಗುಂಬೆ ಘಾಟಿ ದಿಢೀರ್ ಬಂದ್. ಶಿರಾಡಿಯಲ್ಲಿ ದಿಢೀರ್ ಗುಡ್ಡ ಕುಸಿತ. ಚಾರ್ಮಾಡಿಯಲ್ಲಿ ದಿಢೀರ್ ಸಂಚಾರ ನಿಷೇಧ. ವರ್ಷಾ ವರ್ಷ ಅದೇ ತಿಂಗಳುಗಳಲ್ಲಿ, ಹೆಚ್ಚು ಕಡಿಮೆ ಅದೇ ರಸ್ತೆಗಳಲ್ಲಿ ಆಗುವುದು ದಿಢೀರ್ ಹೇಗಾಗುತ್ತದೆ? ದಸರಾ ದಿಢೀರ್ ಬಂತು ಅಂತ ಯಾರಾದರೂ ಬರೆಯುತ್ತಾರಾ?

ನನ್ನ ಮಾತು ಇಷ್ಟೇ. ಮಳೆಗಾಲದಲ್ಲಿ ಘಾಟಿ ಮುಚ್ಚುವುದು ಅನಿರೀಕ್ಷಿತ ಅಲ್ಲ, ಅದು ಋತುವಿನ ಒಂದು ಭಾಗ. ಋತು ಅಂದಮೇಲೆ ತಯಾರಿ ಬೇಕು. ಬಯಲುಸೀಮೆಯ ನಾವು ಕೇಳಬೇಕಾದ್ದು ‘ಘಾಟಿ ಅಗಲ ಮಾಡಿ’ ಅಂತ ಅಲ್ಲ. ಮುಚ್ಚಿದ್ದನ್ನು ಹೊತ್ತಿಗೆ ಸರಿಯಾಗಿ ತಿಳಿಸಿ, ಸುತ್ತು ದಾರಿಯನ್ನು ಮನುಷ್ಯರು ಓಡಾಡುವ ಹಾಗೆ ಇಡಿ ಅಂತ.

ಕಳೆದ ಮಳೆಗಾಲದಲ್ಲಿ ನಾನೂ ನಮ್ಮ ಮನೆಯವರೂ ಸಾರಥಿಯಿಂದ ಸಮುದ್ರ ನೋಡಲು ಹೊರಟು, ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಹಿಡಿದು ಬಂದ ಮೇಲೆ ಈ ಮಾತು ನನಗೆ ಗಟ್ಟಿಯಾಯಿತು. ಪ್ರವಾಸ ಕಥನ ಬರೆಯುವ ಉದ್ದೇಶ ಇಲ್ಲ. ಆದರೆ ದಾರಿ ಹೇಳದೆ ವಾದ ಹೇಳಲು ಬರುವುದಿಲ್ಲ.

ನಮ್ಮ ಕಡೆ ಗಂಡ ಹೆಂಡತಿ ಇಬ್ಬರೇ ಊರು ಬಿಟ್ಟು ಹೋಗುವುದು ಅಂದರೆ ಆಸ್ಪತ್ರೆಗೆ, ಇಲ್ಲಾ ಮದುವೆ ಮನೆಗೆ. ಧರ್ಮಸ್ಥಳ, ಕೊಲ್ಲೂರು ಅಂದರೆ ಟೆಂಪೋ ಮಾಡಿಕೊಂಡು ಹನ್ನೆರಡು ಹದಿನಾಲ್ಕು ಜನ, ಜೊತೆಗೆ ಬುತ್ತಿರೊಟ್ಟಿ, ಶೇಂಗಾ ಚಟ್ನಿ, ಮಕ್ಕಳ ವಾಂತಿಗೆ ನಿಂಬೆಹಣ್ಣು. ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ಮುಂದಿನ ಸೀಟಿನ ಗಂಡಸರ ಮಾತು. ಹಿಂದಿನ ಸೀಟಿನ ಹೆಂಗಸರಿಗೆ ‘ಬಂತಾ?’ ಅಂತ ಕೇಳುವುದಷ್ಟೇ ಕೆಲಸ. ಮದುವೆಯಾಗಿ ನಾಲ್ಕು ವರ್ಷಕ್ಕೆ, ಗದ್ದೆ ನಾಟಿ ಮುಗಿದು ಕೈ ಬಿಡುವಾದಾಗ, ಇಬ್ಬರೇ ಹಳೇ ಕಾರಿನಲ್ಲಿ ಹೊರಟಿದ್ದು ನಮ್ಮ ಮನೆಯಲ್ಲಿ ಸಣ್ಣ ಸುದ್ದಿಯೇ ಆಗಿತ್ತು. ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಉಡುಪಿ ಅನ್ನುವುದು ಲೆಕ್ಕ.

ಶಿವಮೊಗ್ಗ ದಾಟಿ ಗಾಜನೂರಿನ ಹತ್ತಿರ ಬಂದರೆ ತುಂಗೆ ಕೆಂಪು ಮಣ್ಣಿನ ಬಣ್ಣ. ಮಂಡಗದ್ದೆಯಲ್ಲಿ ಹೊಳೆ ರಸ್ತೆಯ ಪಕ್ಕದಲ್ಲೇ ದಡ ತುಂಬಿ ಹೋಗುತ್ತಿತ್ತು. ತೀರ್ಥಹಳ್ಳಿಯಲ್ಲಿ ಟೀ ಕುಡಿದೆವು. ಅಲ್ಲಿ ಯಾರೂ ಏನೂ ಹೇಳಲಿಲ್ಲ, ಯಾವ ಬೋರ್ಡೂ ಕಾಣಲಿಲ್ಲ. ಫೋನಿನ ಮ್ಯಾಪು ಆಗುಂಬೆಯನ್ನೇ ತೋರಿಸುತ್ತಿತ್ತು. ಮೂವತ್ತು ಕಿಲೋಮೀಟರಿಗೂ ಹೆಚ್ಚು ಕಾಡಿನ ದಾರಿ ಹೋಗಿ ಆಗುಂಬೆ ಮುಟ್ಟಿದರೆ ಸಾಲಾಗಿ ಗಾಡಿಗಳು ನಿಂತಿವೆ. ಘಾಟಿಯಲ್ಲಿ ಮರ ಬಿದ್ದು ಮಣ್ಣು ಜಾರಿದೆ, ತೆಗೆಯಲು ಎಷ್ಟು ಹೊತ್ತೋ ಗೊತ್ತಿಲ್ಲ. ಕೆಳಗೆ ಹೆಬ್ರಿ ಕಡೆಯಿಂದ ಬಂದವರನ್ನು ಅಲ್ಲೇ ತಡೆದಿದ್ದಾರಂತೆ.

ಈಗ ಏನು ಮಾಡುವುದು? ಒಬ್ಬರು ಶೃಂಗೇರಿಗೆ ಹೋಗಿ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ಮೇಲೆ ಕಾರ್ಕಳಕ್ಕೆ ಇಳಿಯಿರಿ ಅಂದರು. ಆ ಕಡೆಯೂ ಮಣ್ಣು ಬಿದ್ದಿದೆ ಅಂದರು ಇನ್ನೊಬ್ಬರು. ಬಿದ್ದಿಲ್ಲ, ನಾನು ಬೆಳಿಗ್ಗೆ ಬಂದಿದ್ದೇ ಅಲ್ಲಿಂದ ಅಂದರು ಮತ್ತೊಬ್ಬರು. ಜೀಪಿನ ಚಾಲಕರೊಬ್ಬರು ವಾಪಸ್ ತೀರ್ಥಹಳ್ಳಿಗೆ ಹೋಗಿ ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೇರುವುದು ವಾಸಿ ಅಂದರು. ನಾಲ್ಕು ಜನ, ನಾಲ್ಕು ದಾರಿ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಹೊತ್ತಿನಲ್ಲಿ ನಿಜವಾಗಿ ಯಾವ ಘಾಟಿ ತೆರೆದಿದೆ ಅನ್ನುವುದನ್ನು ಖಚಿತವಾಗಿ ಹೇಳುವ ಒಂದೇ ಒಂದು ಜಾಗ ನಮಗೆ ಸಿಗಲಿಲ್ಲ. “ರೀ, ಜೀಪಿನವರು ದಿನಾ ಓಡಾಡೋರು, ಅವರ ಮಾತೇ ಕೇಳೋಣ” ಅಂದೆ. ಅವರು ಗಾಡಿ ತಿರುಗಿಸಿದರು.

ಇಲ್ಲಿಂದ ನನ್ನ ಮೊದಲ ದೂರು ಶುರು. ಆಗುಂಬೆ ಘಾಟಿಯ ತಲೆ ಶಿವಮೊಗ್ಗ ಜಿಲ್ಲೆಯಲ್ಲಿ, ಬುಡ ಉಡುಪಿ ಜಿಲ್ಲೆಯಲ್ಲಿ. ಹುಲಿಕಲ್ ಘಾಟಿಯದೂ ಅದೇ ಕಥೆ. ಚಾರ್ಮಾಡಿಯ ತಲೆ ಚಿಕ್ಕಮಗಳೂರು, ಬುಡ ದಕ್ಷಿಣ ಕನ್ನಡ. ಶಿರಾಡಿ ಹಾಸನದಿಂದ ದಕ್ಷಿಣ ಕನ್ನಡಕ್ಕೆ. ಒಂದೊಂದು ಜಿಲ್ಲೆಯ ಆದೇಶ ಬೇರೆ, ಪ್ರಕಟಣೆ ಬೇರೆ. ಆದೇಶ ಹೊರಟ ಮೇಲೆ ಅದು ಹೋಗುವುದು ಎಲ್ಲಿಗೆ? ಆಯಾ ಜಿಲ್ಲೆಯ ಪತ್ರಕರ್ತರ ವಾಟ್ಸ್ಆ್ಯಪ್ ಗುಂಪಿಗೆ, ಅಲ್ಲಿಂದ ಆಯಾ ಜಿಲ್ಲೆಯ ಪುಟಕ್ಕೆ.

ಪತ್ರಿಕೋದ್ಯಮ ಓದಿದ ನಮಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಆಗುಂಬೆ ಬಂದ್ ಆದ ಸುದ್ದಿ ಶಿವಮೊಗ್ಗ, ಉಡುಪಿ ಪುಟಗಳಲ್ಲಿ ಮೂರು ಕಾಲಂ ಬರುತ್ತದೆ. ಆ ಘಾಟಿಯನ್ನು ಇಳಿಯಲು ನಮ್ಮ ಹರಿಹರ, ದಾವಣಗೆರೆ, ಹರಪನಹಳ್ಳಿ, ರಾಣೆಬೆನ್ನೂರಿನಿಂದ ಹೊರಡುವ ಜನ ಬೆಳಿಗ್ಗೆ ಓದುವ ಪುಟದಲ್ಲಿ ಅದು ಬರುವುದಿಲ್ಲ, ಬಂದರೂ ಮೂಲೆಯಲ್ಲಿ ನಾಲ್ಕು ಸಾಲು. ಸುದ್ದಿ ಘಟನೆ ನಡೆದ ಜಾಗದಲ್ಲಿ ಮಾರಾಟ ಆಗುತ್ತದೆ, ಬೇಕಾದ ಜಾಗಕ್ಕೆ ಹೋಗುವುದಿಲ್ಲ. ಘಾಟಿಯ ಮೇಲೆ ವಾಸ ಮಾಡುವವರಿಗೆ ಘಾಟಿ ಮುಚ್ಚಿದ್ದು ಪತ್ರಿಕೆ ಬರುವುದಕ್ಕಿಂತ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ನೂರೈವತ್ತು ಕಿಲೋಮೀಟರ್ ಆಚೆ ಇರುವ ನಮಗೆ.

ಸರಿ, ಹುಲಿಕಲ್ ದಾರಿಗೆ ಬರೋಣ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ. ಈ ಹೆಸರುಗಳು ನಮಗೆ ಮಳೆ ಅಂಕಿಅಂಶದ ಪಟ್ಟಿಯಲ್ಲಷ್ಟೇ ಪರಿಚಯ. ಮಳೆಗಾಲ ಪೂರ್ತಿ ದಿನಾ ಬೆಳಿಗ್ಗೆ ‘ಮಾಣಿಯಲ್ಲಿ ಇಷ್ಟು ಮಿಲಿಮೀಟರ್, ಯಡೂರಿನಲ್ಲಿ ಇಷ್ಟು’ ಅಂತ ಓದಿ ಪುಟ ತಿರುವುತ್ತೇವೆ. ಆ ಮಿಲಿಮೀಟರ್‌ಗಳ ಕೆಳಗೆ ಮನೆಗಳಿವೆ, ಅಡಿಕೆ ತೋಟಗಳಿವೆ, ಕೊಪ್ಪೆ ಹೊದ್ದು ಗದ್ದೆಗೆ ಹೋಗುವ ಹೆಂಗಸರಿದ್ದಾರೆ ಅನ್ನುವುದು ದಾರಿ ತಪ್ಪಿದಾಗಲೇ ಕಣ್ಣಿಗೆ ಬೀಳುವುದು.

ತೀರ್ಥಹಳ್ಳಿ ಬಿಟ್ಟ ಮೇಲೆ ನನಗೆ ಒಂದು ಶೌಚಾಲಯ ಸಿಗಲಿಲ್ಲ. ಹೀಗೆ ಬರೆಯಲು ನಾಚಿಕೆ ಏಕೆ? ಗಂಡಸರು ಗಾಡಿ ನಿಲ್ಲಿಸಿ ಮರದ ಮರೆಗೆ ಹೋಗುತ್ತಾರೆ. ಹೆಂಗಸರು ಜಿಗಣೆ ತುಂಬಿದ ಕಾಡಿನಲ್ಲಿ, ಸುರಿಯುವ ಮಳೆಯಲ್ಲಿ ಎಲ್ಲಿಗೆ ಹೋಗಬೇಕು? ನೀರು ಕುಡಿಯುವುದನ್ನೇ ಬಿಟ್ಟೆ. ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯದಿರುವುದು ನಮ್ಮ ನಾಡಿನ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ, ಆದರೆ ಬಸ್ಸು ಹತ್ತುವ ಪ್ರತಿಯೊಬ್ಬ ಹೆಂಗಸಿಗೂ ಅದು ಗೊತ್ತು.

ಯಡೂರು ದಾಟಿದ ಮೇಲೆ ರಸ್ತೆ ಬದಿಯ ಒಂದು ಮನೆಯ ಮುಂದೆ ನಿಲ್ಲಿಸಿ ಕೇಳಿಯೇ ಬಿಟ್ಟೆ. ಆ ಅಮ್ಮ ಒಳಗೆ ಕರೆದರು. ಆಮೇಲೆ ಬಿಸಿ ಬಿಸಿ ಕಷಾಯ ಕೊಟ್ಟರು. ದಾರಿ ಸುತ್ತಾಯಿತು ಅಂತ ನಮ್ಮ ಮನೆಯವರು ಗೊಣಗಿದ್ದಕ್ಕೆ ಅವರು ನಕ್ಕು, “ನಿಮ್ಗೆ ಇದು ಒಂದಿನದ ಸುತ್ತು ಮಾರಾಯ್ರೆ, ನಮ್ಗೆ ಮಳೆಗಾಲ ಪೂರ್ತಿ ಇದೇ” ಅಂದರು. ಆ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ. ಮಣಿಪಾಲ ಘಾಟಿಯ ಕೆಳಗೆ. ಘಾಟಿ ಮುಚ್ಚಿದರೆ ಆಂಬುಲೆನ್ಸ್ ಇನ್ನೊಂದು ಘಾಟಿ ಹುಡುಕಿಕೊಂಡು ಸುತ್ತಬೇಕು, ಇಲ್ಲಾ ತಿರುಗಿ ಶಿವಮೊಗ್ಗಕ್ಕೆ ಓಡಬೇಕು. ಫೋನಿಗೆ ಸಿಗ್ನಲ್ ಇದ್ದರೆ ಯಾವುದು ತೆರೆದಿದೆ ಅಂತ ಕೇಳಬಹುದು. ಅವತ್ತು ಅಲ್ಲಿ ನಮ್ಮ ಎರಡು ಫೋನಿಗೂ ಸಿಗ್ನಲ್ ಇರಲಿಲ್ಲ. ಸಂಜೆ ಕುಂದಾಪುರಕ್ಕೆ ಇಳಿದಾಗ ಅತ್ತೆಯ ಫೋನು ಬಂತು. “ಎಲ್ಲಿ ಅದೀರಿ? ಉಂಡ್ರಾ? ಮಧ್ಯಾಹ್ನದಿಂದ ಹಚ್ಚಾಕತ್ತೀನಿ” ಅಂದರು. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು.

ಇಷ್ಟು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು: “ಅದಕ್ಕೇ ಘಾಟಿಗಳನ್ನು ನಾಲ್ಕು ಪಥ ಮಾಡಬೇಕು, ಸುರಂಗ ಕೊರೆಯಬೇಕು.” ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತರೂ ಈ ಮಾತು ಕೇಳಿಸುತ್ತದೆ. ಪೂನಾ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ಬೆಳೆದ ನಮಗೆ ರಸ್ತೆ ಅಂದರೆ ನೆಟ್ಟಗೆ ಇರಬೇಕು, ಅಗಲ ಇರಬೇಕು, ಗಾಡಿ ನೂರರ ಮೇಲೆ ಓಡಬೇಕು. ಬಯಲಿನಲ್ಲಿ ಅದು ನ್ಯಾಯವೇ. ಗುಡ್ಡದಲ್ಲಿ ಅದೇ ಅಳತೆ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಶಿರೂರು ಇದೆ.

2024ರ ಜುಲೈ 16. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಅಗಲಿಸಲು ಗುಡ್ಡದ ಬುಡ ಕಡಿದಿದ್ದ ಜಾಗ ಅದು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ಜನ, ಲಾರಿ ಎಲ್ಲವನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಅದು ಘಾಟಿಯಲ್ಲ, ಕರಾವಳಿಯ ಹೆದ್ದಾರಿ. ಹೊಸದು, ಅಗಲವಾದದ್ದು. ಅಗಲ ಆದಮಾತ್ರಕ್ಕೆ ರಸ್ತೆ ಗಟ್ಟಿ ಆಗುವುದಿಲ್ಲ.

ಕಾರಣ ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ, ಹೊಳೆ ದಡದಲ್ಲಿ ಮರಳು ಗುಡ್ಡೆ ಮಾಡಿ ಆಡಿದವರಿಗೆಲ್ಲ ಗೊತ್ತು. ಗುಡ್ಡೆಗೆ ತನ್ನದೇ ಒಂದು ಇಳಿಜಾರು ಇರುತ್ತದೆ. ಬುಡದಲ್ಲಿ ಒಂದು ಬೊಗಸೆ ಮರಳು ತೆಗೆದರೆ ಮೇಲಿನದು ಜಾರುತ್ತದೆ. ಪಶ್ಚಿಮ ಘಟ್ಟದ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಬಹಳ ಕಡೆ ದಪ್ಪನೆಯ ಮಣ್ಣಿನ ಹೊದಿಕೆ ಇದೆ. ಜಂಬಿಟ್ಟಿಗೆ ಪದರ, ಅದರ ಕೆಳಗೆ ನೀರು ಕುಡಿದರೆ ಸಾಬೂನಿನ ಹಾಗೆ ಜಾರುವ ಜೇಡಿ. ಮರದ ಬೇರು ಈ ಮಣ್ಣನ್ನು ಹಿಡಿದಿರುತ್ತದೆ. ರಸ್ತೆ ಅಗಲಿಸಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೂರು ಕೆಲಸ ಒಟ್ಟಿಗೆ ಆಗುತ್ತದೆ. ಬುಡದ ಆಧಾರ ಹೋಗುತ್ತದೆ, ಬೇರು ಹೋಗುತ್ತದೆ, ಗುಡ್ಡದೊಳಗಿನ ಒರತೆ ನೀರಿಗೆ ಹೊಸ ಬಾಯಿ ತೆರೆಯುತ್ತದೆ. ಆಮೇಲೆ ಕಟ್ಟುವ ತಡೆಗೋಡೆಯ ಹಿಂದೆ ನೀರು ಹೋಗಲು ದಾರಿ ಇಡದಿದ್ದರೆ, ಚರಂಡಿಯಲ್ಲಿ ಎಲೆ ಮಣ್ಣು ತುಂಬಿದ್ದರೆ, ಆ ಗೋಡೆಯೂ ಒಂದು ದಿನ ರಸ್ತೆಗೆ ಬರುತ್ತದೆ.

ಹಳೆಯ ಘಾಟಿ ದಾರಿಗಳು ಹೇರೆತ್ತು ನಡೆದ ದಾರಿಗಳು. ಗುಡ್ಡವನ್ನು ಎದುರಿಸದೆ ಅದರ ಮೈ ಸವರಿಕೊಂಡು ಹತ್ತಿದವು. ಅದಕ್ಕೇ ಅಷ್ಟೊಂದು ತಿರುವು. ಆಗುಂಬೆಯ ಹದಿನಾಲ್ಕು ತಿರುವು ಗುಡ್ಡ ಹಾಕಿದ ಷರತ್ತು. ಅಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ ಅಂತ ಮಿನಿ ಬಸ್ಸು ಓಡಿಸುತ್ತಾರೆ. ಮಳೆಗಾಲದಲ್ಲಿ ಭಾರೀ ವಾಹನಗಳನ್ನು ನಿಲ್ಲಿಸುತ್ತಾರೆ. ಇದನ್ನು ‘ಹಿಂದುಳಿದ ರಸ್ತೆ’ ಅನ್ನುವ ಬದಲು ಅಳತೆ ಗೊತ್ತಿರುವ ರಸ್ತೆ ಅನ್ನಬಾರದಾ? ಇಷ್ಟಾದರೂ 2022ರ ಜುಲೈನಲ್ಲಿ ಅಲ್ಲಿ ಮಣ್ಣು ಕುಸಿದು ಸಂಚಾರ ನಿಂತಿತ್ತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಎಷ್ಟೋ ಕಡೆ ಕುಸಿದು ತಿಂಗಳುಗಟ್ಟಲೆ ಸರಿಯಾಗಿ ತೆರೆಯಲಿಲ್ಲ. ಅಗಲ ಮಾಡುವ ಕೆಲಸ ನಡೆದ ಸಕಲೇಶಪುರದ ದೋಣಿಗಾಲ್ ಬಳಿ 2021ರಲ್ಲೂ ಕುಸಿಯಿತು, 2024ರಲ್ಲೂ ಕುಸಿಯಿತು. ಕಿರಿದಾದ ಘಾಟಿಯೂ ಮುಚ್ಚುತ್ತದೆ, ಅಗಲ ಮಾಡಿದ್ದೂ ಮುಚ್ಚುತ್ತದೆ. ವ್ಯತ್ಯಾಸ ಏನೆಂದರೆ, ಒಂದು ಮರ ಬಿದ್ದರೆ ಅರ್ಧ ದಿನದಲ್ಲಿ ತೆಗೆಯಬಹುದು, ಕಡಿದ ಗುಡ್ಡವೇ ಬಂದರೆ ವಾರಗಟ್ಟಲೆ ಬೇಕು. ಯಡೂರಿನ ಆ ಅಮ್ಮನ ಮನೆಯವರಿಗೆ ಆಂಬುಲೆನ್ಸ್ ಬೇಕಾದಾಗ ಅನುಕೂಲಕ್ಕೆ ಬರುವುದು ನೂರರ ವೇಗದ ರಸ್ತೆಯಲ್ಲ, ಬೀಳದ ರಸ್ತೆ.

ಹಾಗಂತ ಮಲೆನಾಡಿನಲ್ಲಿ ಏನೂ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಬರುವಾಗ ನೋಡಿದ್ದನ್ನು ಹೇಳುತ್ತೇನೆ.

ಎರಡು ದಿನ ಸಮುದ್ರ ನೋಡಿ ಹೊರಡುವಾಗ ನಮ್ಮ ಮನೆಯವರೇ, “ಹೆಂಗೂ ಸುತ್ತೋದೇ ಆದ್ರೆ ನಿನಗೆ ಬೇಕಾದ ದಾರೀಲಿ ಸುತ್ತೋಣ, ಹೇಳು” ಅಂದರು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸಿಗಂದೂರಿನ ಹೊಸ ಸೇತುವೆ ನೋಡಬೇಕು ಅಂದೆ. ಕೊಲ್ಲೂರಿನಿಂದ ಘಾಟಿ ಹತ್ತಿ, ತುಮರಿ ಕಡೆ ತಿರುಗಿ, ಸಿಗಂದೂರಿನಲ್ಲಿ ಚೌಡೇಶ್ವರಿಗೆ ಕೈ ಮುಗಿದು, ಶರಾವತಿ ಹಿನ್ನೀರಿನ ಮೇಲೆ ಬಂದೆವು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿ, ಕರೂರು ಕಡೆಯ ಹಳ್ಳಿಗಳಿಗೆ ಸಾಗರ ಪೇಟೆಗೆ ಇದ್ದ ನೇರ ದಾರಿ ನೀರಿನಲ್ಲಿ ಮುಳುಗಿತು. ಜಮೀನು ಕೊಟ್ಟವರೂ ಅವರ ನೆಂಟರಿಷ್ಟರೇ. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿಗೆಲ್ಲ ಹೋಯಿತು, ನಮ್ಮ ಹರಿಹರದ ಕಾರ್ಖಾನೆಗಳನ್ನೂ ಓಡಿಸಿತು. ಅವರಿಗೆ ಉಳಿದದ್ದು ಲಾಂಚ್. ಸಂಜೆ ಲಾಂಚ್ ನಿಂತರೆ ಆ ದಾರಿ ಬಂದ್. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಹೊಸನಗರದ ಕಡೆ ಸುತ್ತಿಕೊಂಡು ಓಡಬೇಕು. ನಮ್ಮಂಥವರು ಲಾಂಚಿನಲ್ಲಿ ಕಾರು ಹತ್ತಿಸಿ ಫೋಟೋ ತೆಗೆದುಕೊಂಡು ‘ಎಂಥಾ ಚೆಂದ’ ಅನ್ನುತ್ತಿದ್ದೆವು. ಅವರಿಗೆ ಅದು ಅರವತ್ತು ವರ್ಷದ ಸುತ್ತು ದಾರಿ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅದರ ಮೇಲೆ ಬರುವಾಗ ನಮಗೆ ನಾಲ್ಕೈದು ನಿಮಿಷ ಹಿಡಿದಿರಬಹುದು. ಎದುರಿಗೆ ಬೈಕಿನಲ್ಲಿ ಗಂಡ, ಹೆಂಡತಿ, ನಡುವೆ ಶಾಲೆ ಚೀಲ ಹಾಕಿಕೊಂಡ ಮಗು. ಅಂಥಾ ಸೇತುವೆ ಕಟ್ಟಬೇಕು, ಇನ್ನೂ ಮೊದಲೇ ಕಟ್ಟಬೇಕಿತ್ತು. ಕಡಿದುಹೋದ ಊರನ್ನು ಜೋಡಿಸುವ ಕೆಲಸ ಬೇರೆ, ನನ್ನ ಉಡುಪಿ ಪ್ರಯಾಣದಲ್ಲಿ ಮುಕ್ಕಾಲು ಗಂಟೆ ಉಳಿಸಲು ಗುಡ್ಡ ಕಡಿಯುವ ಕೆಲಸ ಬೇರೆ. ಮೊದಲನೆಯದಕ್ಕೆ ಅರವತ್ತು ವರ್ಷ ಕಾಯಿಸಿ, ಎರಡನೆಯದಕ್ಕೆ ಅವಸರ ಮಾಡುವುದು ಯಾವ ನ್ಯಾಯ?

ಇನ್ನೊಂದು ಮಾತು ನಾವು ಮರೆಯುತ್ತೇವೆ. ಘಾಟಿ ಮುಚ್ಚಿಸುವ ಮಳೆಯೇ ನಮ್ಮ ಅನ್ನ. ಆಗುಂಬೆ ಮೇಲಿನ ಮಳೆಯಲ್ಲಿ ಒಂದು ಪಾಲು ಸೀತಾ ನದಿಯಾಗಿ ಪಡುವಣಕ್ಕೆ ಇಳಿದರೆ, ಇನ್ನೊಂದು ಪಾಲು ಮಾಲತಿ ಹೊಳೆಯಾಗಿ ತುಂಗೆಗೆ ಬರುತ್ತದೆ. ಕುದುರೆಮುಖ, ಕಳಸದ ಕಡೆಯ ಮಳೆ ಭದ್ರೆಗೆ. ಕೂಡ್ಲಿಯಲ್ಲಿ ಎರಡೂ ಕೂಡಿ ಹೊನ್ನಾಳಿ ದಾಟಿ ಹರಿಹರಕ್ಕೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ತುಂಬಿದರೆ ದಾವಣಗೆರೆ ಸೀಮೆಯ ನಾಲೆಗೆ ನೀರು, ಮಲೇಬೆನ್ನೂರಿನ ಗದ್ದೆಗೆ ಭತ್ತ. ಅಣೆಕಟ್ಟು ತುಂಬಿತು ಅಂತ ಬಾಗಿನ ಬಿಡುತ್ತೇವೆ, ಸಿಹಿ ಹಂಚುತ್ತೇವೆ. ಅದೇ ಮಳೆಗೆ ಘಾಟಿ ಮುಚ್ಚಿತು ಅಂದರೆ ಬಯ್ಯುತ್ತೇವೆ.

ಸುತ್ತು ದಾರಿ ಅನ್ನುವುದು ಘಟ್ಟದವರ ಸಮಸ್ಯೆ ಮಾತ್ರವೂ ಅಲ್ಲ. ಗಾಜನೂರು, ಭದ್ರಾ ಎರಡೂ ಕಡೆಯಿಂದ ನೀರು ಬಿಟ್ಟಾಗ ತುಂಗಭದ್ರೆ ನಮ್ಮ ತಾಲ್ಲೂಕಿಗೆ ಬರುತ್ತಾಳೆ. ಉಕ್ಕಡಗಾತ್ರಿ–ಫತ್ಯಾಪುರ ರಸ್ತೆ ಮುಳುಗುತ್ತದೆ, ಕರಿಬಸವೇಶ್ವರನಿಗೆ ಬಂದ ಭಕ್ತರು ಸುತ್ತಿ ಹೋಗಬೇಕು. ನಮ್ಮ ಸಾರಥಿಯಿಂದ ಚಿಕ್ಕಬಿದರಿಗೆ ಹೋಗುವ ದಾರಿಯಲ್ಲಿ ಹಳ್ಳದ ಸೇತುವೆಯ ಮೇಲೆ ಹಿನ್ನೀರು ಏರಿದರೆ ಅಲ್ಲಿಯೂ ಸುತ್ತು. ಶಾಲೆ ಮಕ್ಕಳು, ಹಾಲು ಹಾಕುವವರು, ಹರಿಹರಕ್ಕೆ ಕೆಲಸಕ್ಕೆ ಹೋಗುವವರು ಎಲ್ಲ ಸುತ್ತಲೇಬೇಕು. ಬೆಟ್ಟದ ನೆತ್ತಿಯಲ್ಲಿ ನಮ್ಮನ್ನು ತಿರುಗಿಸುವ ನೀರೇ ನಾಲ್ಕು ದಿನ ಬಿಟ್ಟು ಊರ ಬಾಗಿಲಿನಲ್ಲೂ ತಿರುಗಿಸುತ್ತದೆ.

ಹಾಗಾದರೆ ಏನು ಕೇಳೋಣ? ದೊಡ್ಡ ದುಡ್ಡಿನ ಯಾವುದೂ ಬೇಡ.

ಮೊದಲನೆಯದು, ಸುದ್ದಿ. ಆಗುಂಬೆ, ಹುಲಿಕಲ್, ಕೊಲ್ಲೂರು, ಶೃಂಗೇರಿ ದಾರಿ, ಚಾರ್ಮಾಡಿ, ಶಿರಾಡಿ. ಇವತ್ತು ಯಾವುದು ತೆರೆದಿದೆ, ಯಾವುದು ಮುಚ್ಚಿದೆ, ಯಾವುದರಲ್ಲಿ ಸಣ್ಣ ಗಾಡಿ ಮಾತ್ರ ಅನ್ನುವುದನ್ನು ಎಲ್ಲ ಜಿಲ್ಲೆಗಳೂ ಸೇರಿ ಒಂದೇ ಪಟ್ಟಿಯಾಗಿ ಬೆಳಿಗ್ಗೆ, ಸಂಜೆ ಹೊರಡಿಸಲಿ. ಆ ಪಟ್ಟಿ ಘಾಟಿಯ ನೆತ್ತಿಯಲ್ಲಲ್ಲ, ಗಾಡಿ ದಾರಿ ಆರಿಸಿಕೊಳ್ಳುವ ಜಾಗದಲ್ಲಿ ಕಾಣಲಿ. ಹರಿಹರ ಬಸ್ ನಿಲ್ದಾಣದಲ್ಲಿ, ಶಿವಮೊಗ್ಗದ ಹೊರವಲಯದಲ್ಲಿ, ತೀರ್ಥಹಳ್ಳಿಯಲ್ಲಿ, ಪೆಟ್ರೋಲ್ ಬಂಕುಗಳಲ್ಲಿ. ಸೀಮೆಸುಣ್ಣದಲ್ಲಿ ಬರೆದ ಕರಿ ಹಲಗೆ ಆದರೂ ಸಾಕು.

ಎರಡನೆಯದು, ಸುತ್ತು ದಾರಿಗೆ ಗೌರವ. ಆಗುಂಬೆ ಮುಚ್ಚಿದಾಗ ಗಾಡಿಗಳು ಎಲ್ಲಿ ನುಗ್ಗುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಆ ರಸ್ತೆಗಳ ಗುಂಡಿಯನ್ನು ಮಳೆಗೆ ಮೊದಲೇ ಮುಚ್ಚಿ, ಚರಂಡಿಯನ್ನು ಮೇ ತಿಂಗಳಲ್ಲೇ ತೆಗೆಸಿ. ನಡುವೆ ಹೆಂಗಸರಿಗೆ ಬೀಗ ಹಾಕಿರದ, ನೀರಿರುವ ಎರಡು ಶೌಚಾಲಯ ಇಡಿ. ಅದರ ನಿರ್ವಹಣೆಯನ್ನು ಆ ಊರಿನ ಮಹಿಳಾ ಸಂಘಕ್ಕೇ ವಹಿಸಿ, ಪಕ್ಕದಲ್ಲಿ ಕಷಾಯ, ಕಡುಬು ಮಾರಲು ಜಾಗ ಕೊಡಿ. ನಮ್ಮ ಗಾಡಿಗಳು ಅವರ ರಸ್ತೆ ಹಾಳು ಮಾಡಿ ಹೋಗುತ್ತವೆ, ನಾಲ್ಕು ಕಾಸಾದರೂ ಅಲ್ಲೇ ಉಳಿಯಲಿ.

ಮೂರನೆಯದು, ನಮ್ಮ ಪಾಲು. ಮಳೆಗಾಲದಲ್ಲಿ ಘಟ್ಟ ಇಳಿಯುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು. ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ಜಲಪಾತದ ಫೋಟೋ ತೆಗೆಯಬಾರದು. ಬಾಟಲಿ, ಚಿಪ್ಸ್ ಪೊಟ್ಟಣ ಚರಂಡಿಗೆ ಎಸೆಯಬಾರದು, ಘಾಟಿಯಲ್ಲಿ ಚರಂಡಿ ಕಟ್ಟಿದರೆ ನೀರು ರಸ್ತೆಯ ಕೆಳಗೆ ದಾರಿ ಮಾಡಿಕೊಳ್ಳುತ್ತದೆ. ಮತ್ತು ಪತ್ರಿಕೆಯಲ್ಲಿ, ಚಾನೆಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಗೆಳೆಯ ಗೆಳತಿಯರು ಈ ಮಳೆಗಾಲಕ್ಕೆ ಒಂದು ಕೆಲಸ ಮಾಡಬಹುದು. ಶಿವಮೊಗ್ಗ ಪುಟಕ್ಕೆ ಹೋಗುವ ಘಾಟಿ ಸುದ್ದಿಯನ್ನು ದಾವಣಗೆರೆ ಪುಟಕ್ಕೂ ಕಳಿಸಿ. ‘ದಿಢೀರ್’ ಅನ್ನುವುದನ್ನು ತೆಗೆದು, ಯಾವ ದಾರಿ ತೆರೆದಿದೆ ಅನ್ನುವುದನ್ನು ಆ ಜಾಗದಲ್ಲಿ ಬರೆಯಿರಿ.

ಇದು ಆಗದ ಕೆಲಸವೇನಲ್ಲ. ಭದ್ರಾ ಅಣೆಕಟ್ಟಿನ ಬಾಗಿಲು ತೆಗೆಯುವಾಗ ನದಿ ಪಾತ್ರದ ಜನ ಎಚ್ಚರದಿಂದಿರಿ, ದನಕರು ಹೊಳೆಗೆ 
ಇಳಿಸಬೇಡಿ ಅಂತ ನಮಗೆ ಮೊದಲೇ ಸೂಚನೆ ಬರುತ್ತದೆ. ನೀರು ಇಲ್ಲಿಗೆ ಮುಟ್ಟುವ ಹೊತ್ತಿಗೆ ಪಂಪ್‌ಸೆಟ್ ಮೇಲೆ ಎತ್ತಿಟ್ಟಾಗಿರುತ್ತದೆ. ಬೆಟ್ಟದಿಂದ ನೀರು ಬರುವ ಸುದ್ದಿಯನ್ನು ನೂರಾರು ಕಿಲೋಮೀಟರ್ ಕೆಳಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಲು ಬರುವ ಸರ್ಕಾರಕ್ಕೆ, ಬೆಟ್ಟದ ದಾರಿ ಮುಚ್ಚಿದ ಸುದ್ದಿಯನ್ನು ಮುಟ್ಟಿಸಲು ಬರುವುದಿಲ್ಲವೇ? ಅಣೆಕಟ್ಟಿನ ಬಾಗಿಲು ತೆರೆದರೆ ಹೇಳುತ್ತೀರಿ. ಘಾಟಿಯ ಬಾಗಿಲು ಮುಚ್ಚಿದಾಗಲೂ ಹೇಳಿ. ಸುತ್ತಿ ಹೋಗಲು ನಾವು ತಯಾರಿದ್ದೇವೆ.